ಗೆದ್ದವನು ಕಲಿಯಬೇಕಾದ ಪಾಠ

ರೋಮನರು ಅದೃಷ್ಟವನ್ನು ಫಾರ್ಚುನಾ ಎಂಬ ಹೆಸರಿನ ದೇವತೆಯಾಗಿ ಪೂಜಿಸಿದರು. ಶಿಲ್ಪಗಳಲ್ಲಿ ಅವಳ ಒಂದು ಕೈಯಲ್ಲಿ ಫಲಧಾನ್ಯ ತುಂಬಿದ ಕೊಂಬು, ಇನ್ನೊಂದರಲ್ಲಿ ಹಡಗಿನ ಚುಕ್ಕಾಣಿ. ಕೊಡುವವಳೂ ಅವಳೇ, ದಿಕ್ಕು ತಿರುಗಿಸುವವಳೂ ಅವಳೇ. ಸೋತವನು ವಿಧಿಯನ್ನು ನೆನೆಯುವುದು ಎಲ್ಲ ದೇಶಗಳಲ್ಲಿಯೂ ಉಂಟು. ಗೆದ್ದ ಗಳಿಗೆಯಲ್ಲಿಯೇ ಅದನ್ನು ನೆನೆಯಬೇಕೆಂಬುದು ರೋಮನ್ ವಿವೇಕದ ಸಾರವೆಂದು ನನ್ನ ತಿಳಿವಳಿಕೆ. ಈ ಶಾಲೆಯಲ್ಲಿ ನಾನು ಇತಿಹಾಸ ಬೋಧಿಸುತ್ತಿದ್ದಾಗ ಇದನ್ನು ವಿವರಿಸಲು ಲೂಸಿಯಸ್ ಎಮಿಲಿಯಸ್ ಪೌಲಸ್ ಎಂಬ ಸೇನಾಪತಿಯ ಕಥೆಯನ್ನು ಹೇಳುತ್ತಿದ್ದೆನು.

ಪೌಲಸನಿಗೆ ಸೋಲಿನ ರುಚಿ ಮನೆಯಲ್ಲಿಯೇ ತಿಳಿದಿತ್ತು. ಕ್ರಿ.ಪೂ. 216ರಲ್ಲಿ ಹ್ಯಾನಿಬಲನು ಕಾನೆಯ ಬಯಲಿನಲ್ಲಿ ರೋಮನ್ ಸೈನ್ಯವನ್ನು ನಿರ್ನಾಮಗೊಳಿಸಿದಾಗ ಮಡಿದ ಕಾನ್ಸಲನು ಈತನ ತಂದೆ. ಆ ದಿನ ಯುದ್ಧ ಬೇಡವೆಂದು ತಂದೆ ಹೇಳಿದ್ದರೂ ಜೊತೆಯ ಕಾನ್ಸಲನು ಕೇಳಲಿಲ್ಲ. ಮಗನು ಕ್ರಿ.ಪೂ. 168ರಲ್ಲಿ ಎರಡನೆಯ ಬಾರಿ ಕಾನ್ಸಲನಾಗಿ ಮ್ಯಾಸಿಡೋನಿಯದ ಮೇಲೆ ಹೊರಟಾಗ ಆತನಿಗೆ ಸುಮಾರು ಅರವತ್ತು ವರ್ಷ. ಪಿಡ್ನಾ ಎಂಬಲ್ಲಿ, ಒಂದೇ ಅಪರಾಹ್ಣದಲ್ಲಿ, ಅಲೆಗ್ಸಾಂಡರನು ಆಳಿದ್ದ ರಾಜ್ಯ ಕುಸಿಯಿತು.

ದೊರೆ ಪೆರ್ಸಿಯಸನು ಸೆರೆಯಾಗಿ ಬಂದು ಕಾಲಿಗೆ ಬಿದ್ದನು. ಪೌಲಸನು ಅವನನ್ನು ಕೈಹಿಡಿದು ಎಬ್ಬಿಸಿದನು. ಬಳಿಕ ತನ್ನ ಕಿರಿಯ ಅಧಿಕಾರಿಗಳನ್ನು ಕರೆದು, ಅಲೆಗ್ಸಾಂಡರನ ಸಿಂಹಾಸನವೇ ಒಂದು ಗಂಟೆಯಲ್ಲಿ ಉರುಳಿದುದನ್ನು ಕಂಡಮೇಲೆ ಗೆಲುವಿನಿಂದ ಬೀಗುವುದು ಸಲ್ಲದೆಂದೂ, ಸಂಜೆ ಏನಾಗುವುದೆಂದು ಬೆಳಿಗ್ಗೆ ಬಲ್ಲವರಿಲ್ಲವೆಂದೂ ಎಚ್ಚರಿಸಿದನು.

ಆ ಮಾತಿನ ಪರೀಕ್ಷೆ ಅವನಿಗೇ ಒದಗಿತು. ಹಿರಿಯ ಇಬ್ಬರು ಗಂಡುಮಕ್ಕಳನ್ನು ಆತನು ಬೇರೆ ಮನೆತನಗಳಿಗೆ ದತ್ತು ಕೊಟ್ಟಿದ್ದನು. ವಂಶಕ್ಕೆ ಉಳಿದವರು ಕಿರಿಯ ಇಬ್ಬರು. ಕ್ರಿ.ಪೂ. 167ರಲ್ಲಿ ರೋಮಿನಲ್ಲಿ ಮೂರು ದಿನಗಳ ವಿಜಯೋತ್ಸವ ನಡೆಯಿತು. ಅದಕ್ಕೆ ಐದು ದಿನ ಮೊದಲು ಹದಿನಾಲ್ಕು ವರ್ಷದ ಮಗನು ತೀರಿಕೊಂಡನು. ಮುಗಿದ ಮೂರನೆಯ ದಿನ ಹನ್ನೆರಡು ವರ್ಷದವನೂ ಹೋದನು. ಪೌಲಸನು ಜನರ ಮುಂದೆ ನಿಂತು, ಇಷ್ಟು ಸುಲಭದ ಗೆಲುವಿಗೆ ಬೆಲೆ ತೆರಬೇಕಾದೀತೆಂದು ತಾನು ಅಂಜಿದ್ದಾಗಿಯೂ, ಆ ಬೆಲೆ ನಾಡಿನ ಮೇಲೆ ಬೀಳದೆ ತನ್ನ ಮನೆಯ ಮೇಲೆ ಬೀಳಲೆಂದು ಪ್ರಾರ್ಥಿಸಿದ್ದಾಗಿಯೂ ಹೇಳಿದನು. ಸೋತ ಪೆರ್ಸಿಯಸನ ಮಕ್ಕಳು ಸೆರೆಯಲ್ಲಾದರೂ ಬದುಕಿದ್ದರು. ಗೆದ್ದವನ ಮನೆ ಬರಿದಾಗಿತ್ತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ಉದಾತ್ತ ಕಥೆ. ಆದರೆ ಅದೇ ವರ್ಷ, ರೋಮಿಗೆ ಹಿಂದಿರುಗುವ ಮುನ್ನ, ಸೆನೆಟ್ಟಿನ ಅಪ್ಪಣೆಯಂತೆ ಪೌಲಸನು ಎಪಿರಸ್ ಪ್ರಾಂತ್ಯದಲ್ಲಿ ಮಾಡಿದ ಕೃತ್ಯವೂ ಉಂಟು. ಊರೂರಿನ ಚಿನ್ನ ಬೆಳ್ಳಿಯನ್ನು ಮೊದಲು ತಂದೊಪ್ಪಿಸಲು ಹೇಳಿ, ಬಳಿಕ ಗೊತ್ತುಪಡಿಸಿದ ಒಂದೇ ದಿನ, ಒಂದೇ ಹೊತ್ತಿನಲ್ಲಿ ಎಪ್ಪತ್ತು ಊರುಗಳನ್ನು ಸೈನಿಕರ ಲೂಟಿಗೆ ಬಿಟ್ಟನು. ಒಂದೂವರೆ ಲಕ್ಷ ಜನ ಗುಲಾಮರಾಗಿ ಮಾರಾಟವಾದರು. ಇದು ಸೌಮ್ಯನಾದ ಅವನ ಸ್ವಭಾವಕ್ಕೆ ತೀರ ವಿರುದ್ಧವಾಗಿತ್ತೆಂದು ಪ್ಲೂಟಾರ್ಕನು ಬರೆಯುತ್ತಾನೆ. ವಿರುದ್ಧವಾಗಿದ್ದರೂ ಮಾಡಿದನು.

ಈ ಭಾಗವನ್ನು ಹೇಳಿದ ದಿನ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಸಾರ್, ಆ ಒಂದೂವರೆ ಲಕ್ಷ ಜನರಿಗಾಗಿ ಅತ್ತವರು ಯಾರು?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹೊಳೆದದ್ದು ನಮ್ಮ ಆದವಾನಿ ಸೀಮೆಗೆ ಬಹುದೂರವಲ್ಲದ ಎರ್ರಗುಡಿಯ ಬಂಡೆಯ ಮುಂದೆ. ಪೌಲಸನಿಗಿಂತ ಸುಮಾರು ತೊಂಬತ್ತು ವರ್ಷ ಹಿಂದೆ ಕಳಿಂಗವನ್ನು ಗೆದ್ದ ಅಶೋಕನು ತನ್ನ ಹದಿಮೂರನೆಯ ಶಾಸನದಲ್ಲಿ, ಸೆರೆಯಾಗಿ ಒಯ್ಯಲ್ಪಟ್ಟವರು ಒಂದೂವರೆ ಲಕ್ಷವೆಂದೂ ಹತರಾದವರು ಒಂದು ಲಕ್ಷವೆಂದೂ ತಾನೇ ಎಣಿಕೆ ಕೊಡುತ್ತಾನೆ. ಅಷ್ಟಕ್ಕೇ ನಿಲ್ಲದೆ, ತಾವು ಪಾರಾದರೂ ತಮ್ಮ ಬಂಧುಮಿತ್ರರಿಗೆ ಬಂದ ದುಃಖದಿಂದ ನೊಂದವರನ್ನೂ ಲೆಕ್ಕಕ್ಕೆ ಸೇರಿಸಿ, ಪಶ್ಚಾತ್ತಾಪವನ್ನು ಕಲ್ಲಿನಲ್ಲಿ ಬರೆಸಿದನು. ಕಳಿಂಗವನ್ನು ಆತನು ಹಿಂದಿರುಗಿಸಲಿಲ್ಲ, ನಿಜ. ಆದರೂ ಸೋತವರ ಮನೆಯ ಅಳು ಗೆದ್ದವನ ಕಿವಿಗೆ ಬಿದ್ದಿತ್ತು.

ರೋಮನರಿಗೂ ಈ ಅರಿವು ಹತ್ತಿರ ಬಂದುದುಂಟು. ಕ್ರಿ.ಪೂ. 146ರಲ್ಲಿ ಉರಿಯುತ್ತಿದ್ದ ಕಾರ್ಥೇಜನ್ನು ನೋಡಿ ಅದನ್ನು ಗೆದ್ದ ಸ್ಕಿಪಿಯೋ ಎಮಿಲಿಯಾನಸನು ಕಣ್ಣೀರಿಟ್ಟನು. ಪೌಲಸನು ದತ್ತು ಕೊಟ್ಟಿದ್ದ ಮಗನೇ ಈತ. ಆದರೆ ಪಕ್ಕದಲ್ಲಿದ್ದ ಇತಿಹಾಸಕಾರ ಪೊಲಿಬಿಯಸನಿಗೆ ಅವನು ಹೇಳಿದ ಕಾರಣವೆಂದರೆ, ಮುಂದೊಂದು ದಿನ ರೋಮಿಗೂ ಇದೇ ಗತಿ ಬಂದೀತೆಂಬ ಭಯ.

ನಮಗೂ ನಾಳೆ ಹೀಗಾದೀತೆಂದು ಅಂಜುವುದು ವಿವೇಕ. ಅವರಿಗೆ ಇಂದೇ ಹೀಗಾಗಿದೆಯಲ್ಲಾ ಎಂದು ಮರುಗುವುದು ಕರುಣೆ. ಮೊದಲನೆಯದನ್ನು ರೋಮನರಿಂದ ಕಲಿಯೋಣ. ಎರಡನೆಯದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ಇಲ್ಲಿ ಓದಿ ಬಾಳಿನಲ್ಲಿ ಗೆದ್ದ ನಮ್ಮ ಹಳೆಯ ವಿದ್ಯಾರ್ಥಿಗಳು ಒಮ್ಮೆ ತಮ್ಮ ಮಕ್ಕಳೊಡನೆ ಆ ಬಂಡೆಯ ಮುಂದೆ ನಿಲ್ಲಲಿ. ಆ ವಿದ್ಯಾರ್ಥಿನಿ ಈ ಸಂಚಿಕೆಯನ್ನು ಓದುತ್ತಿದ್ದರೆ, ತಡವಾಗಿಯಾದರೂ ನನ್ನ ಉತ್ತರ ಇದು.