ಚದುರಂಗದ ನಿಯಮಗಳು ಬದಲಾದ ಬಗೆ

ನಮ್ಮ ಶಾಲೆಯಲ್ಲಿ ಚದುರಂಗವನ್ನು ಬಲ್ಲ ವಿದ್ಯಾರ್ಥಿಗಳು ಎರಡು ತೆರದವರು. ಮನೆಯಲ್ಲಿ ಅಜ್ಜನಿಂದಲೋ, ಗುಡಿಯ ಕಟ್ಟೆಯ ಮೇಲೆ ಕೂಡುವ ಹಿರಿಯರಿಂದಲೋ ಕಲಿತು ಬಂದವರು ಕೆಲವರು; ಪುಸ್ತಕ ನೋಡಿ, ಮೊಬೈಲಿನಲ್ಲಿ ಆಡಿ, ಇಲ್ಲವೆ ರಜೆಯ ಶಿಬಿರಗಳಲ್ಲಿ ಕಲಿತವರು ಮತ್ತೆ ಕೆಲವರು. ಮೊದಲಿನವರು ಕಾಲಾಳನ್ನು ಒಂದೇ ಮನೆ ಮುಂದಿಡುವರು. ಎರಡನೆಯವರು ಮೊದಲ ನಡೆಯಲ್ಲಿಯೇ ಎರಡು ಮನೆ ದಾಟಿಸುವರು. ಇವರಿಬ್ಬರೂ ಎದುರುಬದುರಾಗಿ ಕುಳಿತರೆ ಐದು ನಿಮಿಷದೊಳಗೆ ‘ಮೋಸ, ಮೋಸ’ ಎಂಬ ಕೂಗು ಕೇಳಿಬರುವುದು. ಮೋಸವು ಯಾರದೂ ಅಲ್ಲ. ಒಂದೇ ಆಟವು ನಮ್ಮ ಸೀಮೆಯಲ್ಲಿ ಶಾಲೆಯೊಳಗೆ ಚದುರಂಗವೆಂದೂ ಪೇಟೆಯೊಳಗೆ ಬುದ್ಧಿಬಳವೆಂದೂ ಎರಡು ಹೆಸರಿನಿಂದ ಬಾಳುತ್ತಿರುವಂತೆ, ಅದರ ನಿಯಮಗಳೂ ಎರಡು ಪರಂಪರೆಗಳಿಂದ ಬಂದಿವೆ.

ಈ ವರ್ಷದಿಂದ ಶಾಲೆಯ ಆಟದ ಅವಧಿಯಲ್ಲಿ ಅಂತರರಾಷ್ಟ್ರೀಯ ನಿಯಮಗಳನ್ನೇ ಅನುಸರಿಸುವುದೆಂದು ನಾವು ಗೊತ್ತುಮಾಡಿರುವೆವು. ಜಿಲ್ಲೆ, ರಾಜ್ಯಗಳ ಸ್ಪರ್ಧೆಗಳು ಆ ನಿಯಮಗಳಂತೆಯೇ ನಡೆಯುವುದರಿಂದ ಇದು ಅನಿವಾರ್ಯ. ಆದರೆ ‘ನಮ್ಮ ಮನೆಯ ಆಟ ಹಾಗಾದರೆ ಸುಳ್ಳೇ?’ ಎಂದು ಕೆಲವು ಪಾಲಕರು ಕೇಳಿರುವರು. ಪ್ರಶ್ನೆ ಯೋಗ್ಯವಾದುದು. ಆದುದರಿಂದ ಚದುರಂಗದ ನಿಯಮಗಳು ಹಿಂದೆ ಹೇಗೆ ಬದಲಾದವು, ಆಡುವವರು ಆ ಬದಲಾವಣೆಗಳನ್ನು ಹೇಗೆ ತಾಳಿಕೊಂಡರು ಎಂಬುದನ್ನು ಇಲ್ಲಿ ಸ್ವಲ್ಪ ವಿವೇಚಿಸುವೆವು.

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಸರಕಾರವು ತೆರಿಗೆಯನ್ನು ಬದಲಿಸಿದರೆ ಒಪ್ಪದವನೂ ಕೊಡಲೇಬೇಕಾಗುವುದು. ಹವ್ಯಾಸದ ವಿಷಯ ಹಾಗಲ್ಲ. ಆಟದ ನಿಯಮ ಬದಲಿಸಿದರೆ ಒಪ್ಪದವನು ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಹೋಗುವನು. ಅವನನ್ನು ತಡೆಯುವ ಅಧಿಕಾರ ಯಾರಿಗೂ ಇಲ್ಲ. ಬಹು ವರ್ಷ ಆಡಿ ಗಳಿಸಿದ ನೈಪುಣ್ಯವು ಒಂದು ದಿನ ಬೆಳಗಾಗುವುದರೊಳಗೆ ಕೆಲಸಕ್ಕೆ ಬಾರದಂತಾದರೆ ಯಾರಿಗೆ ತಾನೆ ಸಹನವಾದೀತು? ಹೀಗಿದ್ದೂ ಚದುರಂಗವು ಹದಿಮೂರು ಹದಿನಾಲ್ಕು ಶತಮಾನಗಳಲ್ಲಿ ಹಲವು ಸಲ ರೂಪ ಬದಲಿಸಿಯೂ ಆಡುವವರನ್ನು ಕಳೆದುಕೊಂಡಿಲ್ಲ. ಇದು ವಿಚಾರಕ್ಕೆ ತಕ್ಕ ಸಂಗತಿ.

ಎಲ್ಲಕ್ಕೂ ದೊಡ್ಡ ಬದಲಾವಣೆ ನಡೆದುದು ಹದಿನೈದನೆಯ ಶತಮಾನದ ಕೊನೆಯಲ್ಲಿ, ಸ್ಪೇನ್ ಇಟಲಿ ದೇಶಗಳಲ್ಲಿ. ಅದಕ್ಕೆ ಮೊದಲು ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುವ ಬಡಪಾಯಿ. ಇಂದು ನಾವು ಒಂಟೆಯೆಂದು ಕರೆಯುವ ಕಾಯಿಯೂ ಓರೆಯಲ್ಲಿ ಎರಡನೆಯ ಮನೆಗೆ ಮಾತ್ರ ಹಾರಬಲ್ಲುದಾಗಿತ್ತು. ಹೊಸ ಪದ್ಧತಿಯಲ್ಲಿ ಮಂತ್ರಿಗೆ ಎಂಟು ದಿಕ್ಕಿಗೂ ಎಷ್ಟು ದೂರವಾದರೂ ಹೋಗುವ ಅಧಿಕಾರ ಬಂದಿತು. ಒಂಟೆಗೂ ಓರೆದಾರಿ ಪೂರ್ತಿ ತೆರೆಯಿತು. ಆಟದ ವೇಗವು ಎಷ್ಟು ಹೆಚ್ಚಿತೆಂದರೆ ಇಟಲಿಯವರು ಇದನ್ನು ‘ಹುಚ್ಚು ಹಿಡಿದ’ ಚದುರಂಗವೆಂದೇ ಕರೆದರು. ಈ ಕಾಲದ ಒಂದು ಪುಸ್ತಕವು ಇಂದಿಗೂ ಉಳಿದಿದೆ. ಸ್ಪೇನಿನ ಸಾಲಮಾಂಕಾ ಪಟ್ಟಣದಲ್ಲಿ ಲುಸೇನಾ ಎಂಬವನು 1497ರ ಸುಮಾರಿಗೆ ಅಚ್ಚು ಮಾಡಿಸಿದ ಆ ಗ್ರಂಥದಲ್ಲಿ 150 ಸಮಸ್ಯೆಗಳಿವೆ. ಅವುಗಳಲ್ಲಿ ಕೆಲವು ಹಳೆಯ ನಿಯಮಗಳಂತೆ, ಕೆಲವು ಹೊಸ ನಿಯಮಗಳಂತೆ ಬಿಡಿಸತಕ್ಕವು. ಹಳೆಯ ಆಟದವನು ತನಗೆ ತಿಳಿದುದನ್ನು ಬಿಡಿಸುತ್ತ ಬಿಡಿಸುತ್ತ ಹಾಳೆ ತಿರುವಿ ಹೊಸದಕ್ಕೆ ಬರಬಹುದಾಗಿತ್ತು. ಹಳೆಯದನ್ನು ಪುಸ್ತಕದಿಂದ ಹೊರದೂಡದೆ ಅದರ ಪಕ್ಕದಲ್ಲಿಯೇ ಹೊಸದನ್ನು ಕೂಡಿಸಿದ ಈ ಕ್ರಮವು ನಮಗೆ ಬಹಳ ಹಿಡಿಸುವುದು.

ಇನ್ನು ಕಾಲಾಳಿನ ಕಥೆ. ಆಟವು ಬೇಗ ಬಿರುಸಾಗಲೆಂದು ಕಾಲಾಳಿಗೆ ಮೊದಲ ನಡೆಯಲ್ಲಿ ಎರಡು ಮನೆ ಹೋಗುವ ಸೌಕರ್ಯ ದೊರೆಯಿತು. ಇದರಿಂದ ಒಂದು ಅನ್ಯಾಯವುಂಟಾಯಿತು. ಎದುರಾಳಿಯ ಕಾಲಾಳು ಬಹು ಶ್ರಮದಿಂದ ಐದನೆಯ ಸಾಲಿಗೆ ಬಂದು ಕಾದು ನಿಂತಿದೆಯೆನ್ನಿರಿ. ಹಿಂದೆ ಅದರ ಪಕ್ಕದ ದಾರಿಯ ಕಾಲಾಳು ಒಂದು ಮನೆ ಮುಂದೆ ಬಂದರೆ ಅದನ್ನು ಹೊಡೆಯುವ ಹಕ್ಕು ಇದಕ್ಕಿತ್ತು. ಈಗ ಅದು ಎರಡು ಮನೆ ದಾಟಿ, ಹೊಡೆತಕ್ಕೆ ಸಿಕ್ಕದೆ, ಪಕ್ಕದಲ್ಲಿ ಬಂದು ನಿಂತು ನಗುವುದು! ಈ ಕೊರತೆಯನ್ನು ತುಂಬಲು ಇನ್ನೊಂದು ನಿಯಮ ಹುಟ್ಟಿತು: ಹಾಗೆ ದಾಟಿದ ಕಾಲಾಳನ್ನು, ಅದು ಒಂದೇ ಮನೆ ನಡೆದಿತ್ತೋ ಎಂಬಂತೆ, ಮರುನಡೆಯಲ್ಲಿಯೇ ಹೊಡೆಯಬಹುದು, ಆ ಒಂದು ನಡೆ ತಪ್ಪಿದರೆ ಹಕ್ಕೂ ತಪ್ಪುವುದು. ‘ಆನ್ ಪಾಸಾಂ’ ಎಂಬ ಫ್ರೆಂಚ್ ಹೆಸರಿನ ಈ ನಿಯಮವನ್ನು ಕೇಳಿ ನಮ್ಮ ಐದನೆಯ ತರಗತಿಯ ಮಕ್ಕಳು ‘ಇದೆಂಥ ವಿಚಿತ್ರ!’ ಎನ್ನುವರು. ವಿಚಿತ್ರವೇನೂ ಇಲ್ಲ. ಹೊಸ ಸೌಕರ್ಯದಿಂದ ಹಳೆಯ ಹಕ್ಕುದಾರನಿಗೆ ಆಗುತ್ತಿದ್ದ ನಷ್ಟವನ್ನು ಕಟ್ಟಿಕೊಟ್ಟ ಪರಿಹಾರವಿದು. ಬಾಯಿಪಾಠ ಮಾಡಿದವನು ಈ ನಿಯಮವನ್ನು ಮರೆಯುವನು. ಕಾರಣ ತಿಳಿದವನು ಮರೆಯಲಾರನು. ಇಟಲಿಯವರು ಮಾತ್ರ ಈ ಪರಿಹಾರವನ್ನು ಒಪ್ಪದೆ 1880ರ ವರೆಗೂ ತಮ್ಮದೇ ಪದ್ಧತಿಯಲ್ಲಿ ಆಡಿದರು. ಒಂದು ನಿಯಮಕ್ಕೆ ಎಲ್ಲರ ಸಮ್ಮತಿ ದೊರೆಯಲು ನೂರಾರು ವರ್ಷ ಹಿಡಿಯಿತೆಂಬುದನ್ನು ಅವಸರದ ಜನರು ಗಮನಿಸಬೇಕು.

ನಮ್ಮ ದೇಶದ ಕಡೆಗೆ ಬರೋಣ. ಮಂತ್ರಿ ಒಂಟೆಗಳ ಹೊಸ ನಡೆಗಳು ಕಾಲಾಂತರದಲ್ಲಿ ಇಲ್ಲಿಯೂ ಬಳಕೆಗೆ ಬಂದವಾದರೂ ಉಳಿದ ಕೆಲವು ನಿಯಮಗಳು ನಮ್ಮವೇ ಆಗಿ ನಿಂತವು. ಕಾಲಾಳಿಗೆ ಒಂದೇ ಮನೆ. ರಾಜನಿಗೆ, ಶಹ ಬೀಳುವ ಮೊದಲು, ಒಂದು ಸಲ ಕುದುರೆಯಂತೆ ಹಾರುವ ಅವಕಾಶ. ಕೊನೆಯ ಸಾಲು ಮುಟ್ಟಿದ ಕಾಲಾಳು, ಬಹು ಕಡೆಗಳಲ್ಲಿ, ತಾನು ಮುಟ್ಟಿದ ಮನೆ ಮೂಲದಲ್ಲಿ ಯಾವ ಕಾಯಿಯದೋ ಆ ಕಾಯಿಯಾಗುವುದು. ಆನೆಯ ದಾರಿಯಲ್ಲಿ ಹೋದುದು ಆನೆ, ಕುದುರೆಯ ದಾರಿಯಲ್ಲಿ ಹೋದುದು ಕುದುರೆ. ಸೀಮೆಯಿಂದ ಸೀಮೆಗೆ ಇದರಲ್ಲಿಯೂ ಭೇದಗಳಿದ್ದವು. ಈ ಆಟವು ಕೀಳೆಂದು ಯಾರೂ ಭಾವಿಸಬಾರದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಅರುವತ್ತನಾಲ್ಕು ಮನೆಗಳಲ್ಲಿ ಕುದುರೆಯನ್ನು ಒಂದು ಮನೆಯೂ ಬಿಡದಂತೆ, ಯಾವ ಮನೆಯನ್ನೂ ಎರಡು ಸಲ ಮೆಟ್ಟದಂತೆ ಸಂಚರಿಸುವ ಬಂಧಗಳನ್ನು ರಚಿಸಿ ಕೀರ್ತಿ ಪಡೆದರು.

ದೇಶೀಯ ಆಟದಿಂದ ಅಂತರರಾಷ್ಟ್ರೀಯ ಆಟಕ್ಕೆ ದಾಟಿದವರಲ್ಲಿ ಮೀರ್ ಸುಲ್ತಾನ್ ಖಾನರ ಹೆಸರು ಮೊದಲು ಬರತಕ್ಕುದು. ಅವರು ಅವಿಭಕ್ತ ಪಂಜಾಬಿನ ಹಳ್ಳಿಯವರು; ಬಾಲ್ಯದಲ್ಲಿ ಕಲಿತುದು ದೇಶೀಯ ಆಟ. ಜಮೀನುದಾರರಾದ ಸರ್ ಉಮರ್ ಹಯಾತ್ ಖಾನರ ಆಶ್ರಯದಲ್ಲಿ ಯುರೋಪಿನ ನಿಯಮಗಳನ್ನು ಅಭ್ಯಾಸ ಮಾಡಿ 1928ರಲ್ಲಿ ಅಖಿಲ ಭಾರತ ಸ್ಪರ್ಧೆಯನ್ನೂ, ಮರುವರ್ಷ ಇಂಗ್ಲೆಂಡಿಗೆ ಹೋಗಿ ಬ್ರಿಟಿಷ್ ಪ್ರಶಸ್ತಿಯನ್ನೂ ಗೆದ್ದರು. 1932, 1933ರಲ್ಲಿ ಮತ್ತೆ ಅದೇ ಪ್ರಶಸ್ತಿ ಅವರಿಗೇ ದೊರೆಯಿತು. ಹೇಸ್ಟಿಂಗ್ಸ್ ಪಟ್ಟಣದ 1930–31ರ ಸ್ಪರ್ಧೆಯಲ್ಲಿ ಹಿಂದಣ ವಿಶ್ವವಿಜೇತ ಕಾಪಾಬ್ಲಾಂಕಾ ಅವರನ್ನು ಸೋಲಿಸಿದುದು ಇಂದಿಗೂ ಪಾಠದ ಆಟವಾಗಿದೆ. ಅವರ ಆರಂಭದ ನಡೆಗಳು ದುರ್ಬಲ. ಕಾಲಾಳು ಒಂದೊಂದೇ ಮನೆ ಸರಿಯುವ ದೇಶೀಯ ಆಟದಲ್ಲಿ ಮೊದಲ ಹತ್ತು ನಡೆಗಳಿಗೆ ಅಷ್ಟು ಬೆಲೆಯಿಲ್ಲ. ಯುರೋಪಿನವರಾದರೋ ಆ ಹತ್ತು ನಡೆಗಳ ಮೇಲೆಯೇ ಗ್ರಂಥಗಳನ್ನು ಬರೆದಿದ್ದರು, ಆ ಗ್ರಂಥಗಳನ್ನು ಓದಲು ಖಾನರಿಗೆ ಇಂಗ್ಲಿಷ್ ಸಾಲದಾಗಿತ್ತು. ಆದರೆ ಆಟವು ಮಧ್ಯಕ್ಕೆ ಬಂದು ಕೊನೆಗೆ ಸಾಗಿದಂತೆ ಅವರ ಕೈ ಮೇಲಾಗುತ್ತಿತ್ತು. ಹಳೆಯ ಆಟದಲ್ಲಿ ಗಳಿಸಿದ ತಾಳ್ಮೆಯೂ ಲೆಕ್ಕಾಚಾರವೂ ಹೊಸ ಆಟದಲ್ಲಿ ವ್ಯರ್ಥವಾಗಲಿಲ್ಲ. 1966ರಲ್ಲಿ ತೀರಿಕೊಂಡ ಈ ಮಹನೀಯರಿಗೆ ಅಂತರರಾಷ್ಟ್ರೀಯ ಒಕ್ಕೂಟವು ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ಕೊಟ್ಟುದು 2024ರಲ್ಲಿ.

ನಡೆಗಳು ಬದಲಾಗದಿದ್ದರೂ ಅವುಗಳನ್ನು ಬರೆಯುವ ರೀತಿ ಬದಲಾದಾಗ ಎಷ್ಟು ಗೊಂದಲವಾಗುವುದೆಂಬುದಕ್ಕೆ ಇನ್ನೊಂದು ನಿದರ್ಶನ. ಇಂಗ್ಲಿಷ್ ಪುಸ್ತಕಗಳಲ್ಲಿ ಹಿಂದೆ ಪ್ರತಿ ಮನೆಗೂ ಎರಡೆರಡು ಹೆಸರು. ಬಿಳಿಯವನು ತನ್ನ ಕಡೆಯಿಂದ ಎಣಿಸುವನು, ಕರಿಯವನು ತನ್ನ ಕಡೆಯಿಂದ. ಈಗಿನ ರೀತಿಯಲ್ಲಿ ಉದ್ದಸಾಲುಗಳಿಗೆ ‘ಎ’ಯಿಂದ ‘ಎಚ್’ ವರೆಗಿನ ಅಕ್ಷರ, ಅಡ್ಡಸಾಲುಗಳಿಗೆ 1ರಿಂದ 8ರ ವರೆಗಿನ ಅಂಕೆ. ‘ಇ4’ ಎಂದರೆ ಇಬ್ಬರಿಗೂ ಒಂದೇ ಮನೆ. ನಿಮ್ಮ ಭೂಗೋಳದ ನಕಾಶೆಯಲ್ಲಿ ಊರು ಹುಡುಕುವ ಕ್ರಮವೂ ಇಂಥದೇ. ಸಿರಿಯಾದ ಅಲೆಪ್ಪೋ ಪಟ್ಟಣದ ಫಿಲಿಪ್ ಸ್ಟಾಮಾ ಎಂಬವನು 1737ರಲ್ಲಿಯೇ ಈ ಬಗೆಯ ಬರಹವನ್ನು ಅಚ್ಚಿಗೆ ತಂದಿದ್ದನು. ಅದು ಉತ್ತಮವೆಂಬುದರಲ್ಲಿ ಸಂಶಯವಿರಲಿಲ್ಲ. ಆದರೂ ಇಂಗ್ಲಿಷ್ ಬಲ್ಲ ಆಟಗಾರರು ತಮ್ಮ ಕಪಾಟಿನ ಪುಸ್ತಕಗಳನ್ನೂ ಕಣ್ಣಿನ ರೂಢಿಯನ್ನೂ ಬಿಡಲು ಸಿದ್ಧರಿರಲಿಲ್ಲ. ಪುಸ್ತಕಗಳೂ ಪತ್ರಿಕೆಗಳೂ ಮೆಲ್ಲಮೆಲ್ಲನೆ ಹೊಸ ಬರಹಕ್ಕೆ ಹೊರಳಿದವು. 1981ರಿಂದ ಸ್ಪರ್ಧೆಗಳಲ್ಲಿ ಹಳೆಯ ಬರಹಕ್ಕೆ ಮಾನ್ಯತೆ ನಿಂತಿತು. ಕಟ್ಟಾಜ್ಞೆಯು ಕೊನೆಗೆ ಬಂದಿತೇ ಹೊರತು ಮೊದಲಿಗೆ ಬರಲಿಲ್ಲ.

1924ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ, ಫಿಡೆ ಎಂದು ಪ್ರಸಿದ್ಧವಾದ ಅಂತರರಾಷ್ಟ್ರೀಯ ಒಕ್ಕೂಟದ ಎಲ್ಲ ಕೆಲಸಗಳೂ ಇಷ್ಟು ನಯವಾಗಿ ಸಾಗಿದವೆಂದು ಹೇಳಲಾಗದು. 2009ರಲ್ಲಿ ಆಟದ ಗಂಟೆ ಬಾರಿಸಿದಾಗ ಕುರ್ಚಿಯಲ್ಲಿ ಇಲ್ಲದವನು ಸೋತಂತೆಯೇ ಎಂಬ ನಿಯಮ ಬಂದಿತು. ಅದಕ್ಕೆ ಮೊದಲು ಒಂದು ಗಂಟೆಯ ವಿನಾಯಿತಿಯಿತ್ತು. ಅರುವತ್ತು ನಿಮಿಷದಿಂದ ಸೊನ್ನೆಗೆ ಒಮ್ಮೆಲೇ ಇಳಿದರೆ ಜನ ಗೊಣಗದೆ ಇರುವರೇ? ಈಗ ಎಷ್ಟು ನಿಮಿಷದ ವಿನಾಯಿತಿಯೆಂಬುದನ್ನು ಸ್ಪರ್ಧೆ ನಡೆಸುವವರೇ ಮುಂಚಿತವಾಗಿ ಬರೆದು ತಿಳಿಸತಕ್ಕದ್ದು. ತಿಳಿಸದಿದ್ದರೆ ಮಾತ್ರ ಸೊನ್ನೆ.

ಕೇಳದೆ ಮಾಡಿದ ಏರ್ಪಾಟಿನ ಪರಿಣಾಮವು ಇನ್ನೂ ಕಠೋರ. 1993ರಲ್ಲಿ ವಿಶ್ವವಿಜೇತ ಕಾಸ್ಪರೋವ್ ಅವರೂ ಎದುರಾಳಿ ನೈಜೆಲ್ ಶಾರ್ಟ್ ಅವರೂ, ಪಂದ್ಯದ ಸ್ಥಳವನ್ನು ಗೊತ್ತುಮಾಡುವಾಗ ತಮ್ಮ ಮಾತನ್ನು ಕೇಳಲಿಲ್ಲವೆಂದು ದೂರಿ, ಒಕ್ಕೂಟದ ಹೊರಗೆಯೇ ಪಂದ್ಯವನ್ನು ಆಡಿದರು. ಅಂದಿನಿಂದ ವಿಶ್ವಕ್ಕೆ ಇಬ್ಬರು ವಿಜೇತರು! ನಮ್ಮ ವಿಶ್ವನಾಥನ್ ಆನಂದರು 2000ದಲ್ಲಿ ಒಕ್ಕೂಟದ ಪಟ್ಟವನ್ನು ಪಡೆದಾಗ ಇನ್ನೊಂದು ಪಟ್ಟವು ಕ್ರಾಮ್ನಿಕ್ ಅವರ ಬಳಿಯಿತ್ತು. ಎರಡೂ ಒಂದಾದುದು 2006ರಲ್ಲಿ. ಒಡೆಯಲು ಕೆಲವು ವಾರ ಸಾಕಾದವು, ಕೂಡಿಸಲು 13 ವರ್ಷ ಬೇಕಾದವು.

ನಮ್ಮ ಜಿಲ್ಲೆಯ ಮಕ್ಕಳಿಗೆ ಹತ್ತಿರದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆವು. ಸಾಂಗ್ಲಿಯಲ್ಲಿ ಭಾವೂಸಾಹೇಬ ಪಡಸಲಗೀಕರರು 1941ರಲ್ಲಿ ನೂತನ ಬುದ್ಧಿಬಳ ಮಂಡಳವನ್ನು ಸ್ಥಾಪಿಸಿದರು. ಭಾರತದ ಮೊದಲ ರಾಷ್ಟ್ರೀಯ ಮಹಿಳಾ ಚದುರಂಗ ಸ್ಪರ್ಧೆಯನ್ನು 1974ರಲ್ಲಿ ವಾಸಂತಿ ಖಾಡಿಲ್ಕರರು ಗೆದ್ದರು. ಅವರ ತಂಗಿ ರೋಹಿಣಿ 1976ರಲ್ಲಿ, 13 ವರ್ಷದ ಬಾಲೆ, ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಲು ಬಂದಾಗ ದೊಡ್ಡ ಗದ್ದಲವಾಯಿತು. ವಿಷಯವು ಉಚ್ಚ ನ್ಯಾಯಾಲಯದ ವರೆಗೆ ಹೋಯಿತು. ಕೊನೆಗೆ ಒಕ್ಕೂಟದ ಅಧ್ಯಕ್ಷ ಮ್ಯಾಕ್ಸ್ ಯೂವೆ ಅವರು, ಹೆಣ್ಣೆಂಬ ಕಾರಣದಿಂದ ಯಾರನ್ನೂ ಸ್ಪರ್ಧೆಯಿಂದ ಹೊರಗಿಡಲಾಗದೆಂದು ನಿರ್ಣಯ ಕೊಟ್ಟರು. ನಿಧಾನವಾಗಿ ಬದಲಿಸಬೇಕೆಂದು ನಾವು ಮೇಲೆ ಹೇಳಿದ ಮಾತು ಇಲ್ಲಿ ಸಲ್ಲದು. ಕಾಲಾಳಿನ ನಡೆಗೆ ನೂರು ವರ್ಷ ಕಾಯಬಹುದು. ಬಾಗಿಲಲ್ಲಿ ನಿಂತ ಮಗುವನ್ನು ಒಂದು ದಿನವೂ ಕಾಯಿಸಬಾರದು. ನಮ್ಮ ಹೆಣ್ಣುಮಕ್ಕಳ ಪಾಲಕರು ಇದನ್ನು ಎರಡು ಸಲ ಓದಿರಿ.

ಈಚಿನ ನಿಯಮಾವಳಿಯ ವಿಷಯವಾಗಿ ಒಂದು ಸಂತೋಷದ ಸಂಗತಿ. 2022ರ ಆಗಸ್ಟ್ 7ರಂದು, ಮಾಮಲ್ಲಪುರದಲ್ಲಿ ಒಲಿಂಪಿಯಾಡ್ ನಡೆಯುತ್ತಿದ್ದಾಗ, ಚೆನ್ನೈಯ ಅಧಿವೇಶನದಲ್ಲಿ ಅದು ಅಂಗೀಕೃತವಾಯಿತು. ಜಾರಿಗೆ ಬಂದುದು 2023ರ ಜನವರಿ 1ರಂದು. ನಡುವೆ ಸುಮಾರು ಐದು ತಿಂಗಳ ಅವಕಾಶ. ಪಂಚರು ಓದಿಕೊಳ್ಳಲಿ, ಆಟಗಾರರು ರೂಢಿಸಿಕೊಳ್ಳಲಿ ಎಂದೇ ಇದು.

ಪಾಲಕರು ಕೇಳಿದ ಪ್ರಶ್ನೆಗೆ ನಮ್ಮ ಉತ್ತರವು ಈಗ ಸುಲಭ. ಮನೆಯ ಆಟ ಸುಳ್ಳಲ್ಲ. ಅಜ್ಜನ ರಾಜನು ಕುದುರೆಯಂತೆ ಒಮ್ಮೆ ಹಾರುವನು. ಪುಸ್ತಕದ ರಾಜನು ಆನೆಯೊಡನೆ ಸ್ಥಳ ಬದಲಿಸಿ ಕೋಟೆ ಕಟ್ಟುವನು. ಎರಡರ ಉದ್ದೇಶವೂ ರಾಜನನ್ನು ನಡುಬಯಲಿನಿಂದ ಮರೆಗೆ ಒಯ್ಯುವುದೇ. ಯುರೋಪಿನ ಕೋಟೆಯ ನಡೆಯೂ ಅಂಥ ಹಳೆಯ ಹಾರುವಿಕೆಯಿಂದಲೇ ಬೆಳೆದುದು. ಸೋಮವಾರದಿಂದ ಶುಕ್ರವಾರದ ವರೆಗೆ ಅಂತರರಾಷ್ಟ್ರೀಯ ನಿಯಮಗಳಂತೆ ಆಟ ನಡೆಯುವುದು. ಶನಿವಾರದ ಕೊನೆಯ ಅವಧಿಯನ್ನು ದೇಶೀಯ ಆಟಕ್ಕೆ ಮೀಸಲಿಟ್ಟಿರುವೆವು; ಅಂದು ಊರಿನ ಹಿರಿಯರು ಬಂದು ಕುಳಿತು ಆಡಬಹುದು, ಆಡಿಸಬಹುದು. ವರ್ಷಾಂತ್ಯದ ವರೆಗೆ ಮನೆಯ ಪದ್ಧತಿಯಂತೆ ನಡೆ ಇಟ್ಟ ಮಗುವಿಗೆ ಸೋಲಿಲ್ಲ. ನಡೆಯನ್ನು ಹಿಂದೆಗೆದು, ಕಾರಣ ಹೇಳಿ, ಮತ್ತೆ ಆಡಿಸತಕ್ಕದ್ದು.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ದೀಪಾವಳಿಯ ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಿ ಅವರ ಆಟದ ನಿಯಮಗಳನ್ನು ವಹಿಯ ಎಡಪುಟದಲ್ಲಿ ಬರೆಯಿರಿ: ರಾಜನು ಯಾವ ಮನೆಯಲ್ಲಿ ಕೂಡುವನು, ಕಾಲಾಳು ಕೊನೆಗೆ ಏನಾಗುವುದು, ಎಲ್ಲ ಕಾಯಿ ಕಳೆದುಕೊಂಡು ರಾಜನೊಬ್ಬನೇ ಉಳಿದರೆ ಆಟಕ್ಕೆ ಏನೆನ್ನುವರು. ಅವರು ಪ್ಯಾದೆ, ವಜೀರ ಎಂದರೆ ಹಾಗೆಯೇ ಬರೆದುಕೊಳ್ಳಿರಿ, ತಿದ್ದಬೇಡಿರಿ. ಬಲಪುಟವನ್ನು ಖಾಲಿ ಬಿಟ್ಟು ತನ್ನಿರಿ. ಅದನ್ನು ಶಾಲೆಯಲ್ಲಿ ಕೂಡಿ ತುಂಬೋಣ.