ನೋವಿನ ಗುಳಿಗೆಯ ಮೇಲೊಂದು ಕಣ್ಣಿರಲಿ

ಟಿಕೋಟಾದ ದ್ರಾಕ್ಷಿ ತೋಟದಲ್ಲಿ ದಿನವಿಡೀ ದುಡಿದವರು ಮೆಡಿಕಲ್ ಮುಂದೆ ನಿಂತು, ‘ಅಣ್ಣಾ, ನಡಾ ಹಿಡದೈತಿ, ಜೋರಂದು ಗುಳಿಗಿ ಕೊಡು’ ಅಂತ ಕೇಳುತ್ತಾರೆ. ಅವರ ನೋವು ನಿಜ. ಆದರೆ ಕೈಗೆ ಬಂದದ್ದು ಟ್ರಮಡಾಲ್ ಆಗಿದ್ದರೆ ಅದು ಅಫೀಮಿನ ಬಳಗದ್ದು. ದೇಶದಲ್ಲಿ ನೂರಕ್ಕೆ ಸುಮಾರು ಒಬ್ಬರು ಇಂಥ ಔಷಧಿಗಳನ್ನು ಅಮಲಿಗಾಗಿ ಬಳಸುತ್ತಾರೆಂದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಹೇಳಿತು. ವಿಜಯಪುರ, ಟಿಕೋಟಾ, ಬಬಲೇಶ್ವರದ ಮನೆಮಂದಿ ಇಷ್ಟನ್ನು ಮಾಡಬಹುದು.

1. ಚೀಟಿ ಕೇಳಿದ ಅಂಗಡಿಯವರ ಮೇಲೆ ಸಿಟ್ಟಾಗಬೇಡಿ. ಟ್ರಮಡಾಲ್, ಕೋಡೀನ್‌ನಂಥ ಔಷಧಿ ಮಾರಿದಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಬರೆದು ಆ ದಾಖಲೆಯನ್ನು ಮೂರು ವರ್ಷ ಇಡಬೇಕೆಂಬ ನಿಯಮ 2014ರಿಂದಲೇ ಇದೆ. 2018ರಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ಅಡಿಗೂ ತಂದರು.

2. ‘ಡಾಕ್ಟರೇ, ಇದನ್ನ ಎಷ್ಟು ದಿನ ತಗೋಬೇಕು? ಯಾವಾಗ ಬಿಡಬೇಕು?’ ಈ ಎರಡು ಪ್ರಶ್ನೆ ಕೇಳದೆ ಎದ್ದು ಬರಬೇಡಿ.

3. ಉಳಿದ ಗುಳಿಗೆ, ಕೋಡೀನ್ ಇರುವ ಕೆಮ್ಮಿನ ಔಷಧಿಯನ್ನು ನೆರೆಮನೆಗೆ ಕೊಡಬೇಡಿ. ಹರೆಯದ ಮಕ್ಕಳಿರುವ ಮನೆಯಲ್ಲಿ ಕೀಲಿ ಹಾಕಿಡಿ, ಎಣಿಸಿಡಿ.

4. ಇವುಗಳ ಜೊತೆ ಸೆರೆ ಬೇಡವೇ ಬೇಡ. ವೈದ್ಯರು ಹೇಳದೆ ನಿದ್ದೆಗುಳಿಗೆಯೂ ಬೇಡ. ಇವುಗಳೊಡನೆ ಎರಡರಲ್ಲಿ ಯಾವುದು ಸೇರಿದರೂ ಉಸಿರಾಟವನ್ನೇ ಕುಗ್ಗಿಸುತ್ತದೆ. ಹೆಚ್ಚಿನ ಸಾವು ಆಗುವುದು ಹೀಗೇ ಉಸಿರು ನಿಂತು.

5. ಆಪತ್ತನ್ನು ಗುರುತಿಸಲು ಕಲಿಯಿರಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ನಿಧಾನವಾಗುತ್ತದೆ, ತುಟಿ ನೀಲಿಗಟ್ಟುತ್ತದೆ, ಎಬ್ಬಿಸಿದರೆ ಏಳುವುದಿಲ್ಲ. ಗೊರಕೆಯಂಥ ಸದ್ದು ಕೇಳಿ ‘ಮಲಗಲಿ ಬಿಡು’ ಅನ್ನುವುದೇ ದೊಡ್ಡ ಅಪಾಯ. ತಕ್ಷಣ 108ಕ್ಕೆ ಫೋನ್ ಮಾಡಿ. ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಮಜ್ಜಿಗೆ, ನಿಂಬೆರಸ ಏನನ್ನೂ ಬಾಯಿಗೆ ಹಾಕಬೇಡಿ. ಗುಳಿಗೆಯ ಖಾಲಿ ಪಟ್ಟಿಯನ್ನು ಜೊತೆಗೊಯ್ದು ವೈದ್ಯರಿಗೆ ತೋರಿಸಿ. ಈ ಅಮಲನ್ನು ಇಳಿಸುವ ನಾಲೊಕ್ಸೋನ್ ಎಂಬ ಚುಚ್ಚುಮದ್ದು ಇದೆ. ಸಮಯಕ್ಕೆ ಮುಟ್ಟಿಸಿದರೆ ಜೀವ ಉಳಿಯುತ್ತದೆ.

6. ಆದರೆ ಅಫೀಮಿನ ಬಳಗದ್ದೆಂದು ಕ್ಯಾನ್ಸರ್ ರೋಗಿಯ ಮಾರ್ಫಿನ್ ಕಸಿಯಬೇಡಿ. ‘ಚಟ ಆದೀತು’ ಎಂದು ಹಿರಿಯರನ್ನು ನರಳಲು ಬಿಡುವುದು ಕ್ರೌರ್ಯ. ವೈದ್ಯರ ಲೆಕ್ಕದಲ್ಲಿ ಕೊಟ್ಟ ಮಾರ್ಫಿನ್ ಅವರ ಹಕ್ಕು.

7. ಚಟ ಅಂಟಿದವರನ್ನು ಬೈದು, ಕೋಣೆಯಲ್ಲಿ ಕೂಡಿಹಾಕಿ ಗುಳಿಗೆ ಬಿಡಿಸಲು ಹೋಗಬೇಡಿ. ದಿಢೀರನೆ ನಿಲ್ಲಿಸಿದರೆ ಮೈಕೈ ನೋವು, ವಾಂತಿ, ಭೇದಿ, ನಿದ್ದೆಗೇಡು. ಅದನ್ನು ತಾಳಲಾರದೆ ಮತ್ತೆ ಅಂಗಡಿಗೇ ಓಡುತ್ತಾರೆ. ಬಿಟ್ಟು ಕೆಲದಿನದ ಮೇಲೆ ಹಳೆಯ ಪ್ರಮಾಣವನ್ನೇ ನುಂಗಿದರೆ ಮೈ ತಡೆಯುವುದಿಲ್ಲ. ಜಿಲ್ಲಾ ಆಸ್ಪತ್ರೆಗೋ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಆಸ್ಪತ್ರೆಗೋ ಹೋಗಿ ಮನೋವೈದ್ಯರನ್ನು ಕಾಣಿ. ಮುಖ ತೋರಿಸಲು ನಾಚಿಕೆಯೆನಿಸಿದರೆ ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಹಗಲು ರಾತ್ರಿ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡುತ್ತಾರೆ. ಪೊಲೀಸರ ಭಯವೇ? ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣವಿದ್ದರೂ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆಯ ಕೇಂದ್ರದಲ್ಲಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮಾದಕವಸ್ತು ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬಾರದು, ಅಷ್ಟೇ.