ಹುದುಗಿನಿಂದ ದೊರೆತ ಸಂಜೀವಿನಿ

ಮಧುಮೇಹವು ಭಾರತೀಯರಿಗೆ ಹೊಸದಾಗಿ ಪರಿಚಯವಾದ ರೋಗವಲ್ಲ. ರೋಗಿಯ ಮೂತ್ರವು ಜೇನಿನಂತೆ ಸಿಹಿಯಾಗುವುದನ್ನು ಗಮನಿಸಿ ಪ್ರಾಚೀನ ಆಯುರ್ವೇದ ವೈದ್ಯರು ಅದಕ್ಕೆ ಈ ಹೆಸರನ್ನಿಟ್ಟರು. ಆದರೆ ಲಕ್ಷಣವನ್ನು ಅರಿತ ಮಾತ್ರಕ್ಕೆ ಕಾರಣ ತಿಳಿದಂತಾಗಲಿಲ್ಲ. ಉಂಡ ಅನ್ನವು ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ. ಆ ಸಕ್ಕರೆಯು ಜೀವಕೋಶಗಳನ್ನು ಪ್ರವೇಶಿಸಿದರೆ ಮಾತ್ರ ದೇಹಕ್ಕೆ ಶಕ್ತಿ ದೊರೆಯುತ್ತದೆ. ಈ ಪ್ರವೇಶಕ್ಕೆ ಬೀಗದ ಕೈಯಂತಿರುವ ವಸ್ತುವೇ ಇನ್ಸುಲಿನ್. ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯು ಇದನ್ನು ಸ್ರವಿಸುತ್ತದೆ. ಕೆಲವು ಮಕ್ಕಳಲ್ಲಿ ಈ ಸ್ರಾವವು ಎಳೆಯ ವಯಸ್ಸಿನಲ್ಲಿಯೇ ನಿಂತುಹೋಗುತ್ತದೆ. 1922ಕ್ಕೆ ಮೊದಲು ಅಂತಹ ಮಗು ಹೊಟ್ಟೆತುಂಬ ಉಂಡರೂ ದಿನದಿನಕ್ಕೆ ಸೊರಗಿ, ಅಲ್ಪಕಾಲದಲ್ಲಿಯೇ ಮರಣ ಹೊಂದುತ್ತಿತ್ತು.

ಈ ಅಸಹಾಯಕತೆಗೆ ಕೊನೆ ಹಾಡಿದವರು ಕೆನಡಾ ದೇಶದ ಟೊರಾಂಟೊ ನಗರದ ಸಂಶೋಧಕರು. 1921ರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬುವರು ಪ್ರೊಫೆಸರ್ ಮ್ಯಾಕ್ಲಿಯಾಡರ ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಈ ಸಾರವನ್ನು ಬೇರ್ಪಡಿಸಿದರು. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದರು. 1922ರ ಜನವರಿಯಲ್ಲಿ ಅದನ್ನು ಪಡೆದ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಂಪ್ಸನ್ ಎಂಬ ಬಾಲಕನು ಸಾವಿನ ದವಡೆಯಿಂದ ಪಾರಾದನು. ಈ ಸಂಶೋಧನೆಯಿಂದ ಅಪಾರ ಹಣ ಗಳಿಸುವ ಅವಕಾಶ ಅವರಿಗಿತ್ತು. ಆದರೆ ಅವರು ಅದರ ಹಕ್ಕನ್ನು ತಲಾ ಒಂದು ಡಾಲರಿನ ನಾಮಮಾತ್ರ ಬೆಲೆಗೆ ಟೊರಾಂಟೊ ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಜೀವ ಉಳಿಸುವ ಔಷಧವು ಎಲ್ಲರಿಗೂ ಎಟುಕಬೇಕೆಂಬುದು ಅವರ ಆಶಯವಾಗಿತ್ತು.

ಆಶಯವು ಉದಾತ್ತವಾಗಿದ್ದರೂ ಅದನ್ನು ಈಡೇರಿಸುವುದು ಸುಲಭವಾಗಿರಲಿಲ್ಲ. ಸುಮಾರು 225 ಗ್ರಾಂ ಶುದ್ಧ ಇನ್ಸುಲಿನ್ ಪಡೆಯಲು ಎರಡು ಟನ್ನಿಗೂ ಮಿಕ್ಕಿ ಹಂದಿಯ ಅಂಗಗಳು ಬೇಕಾಗುತ್ತಿದ್ದವು. ಕಸಾಯಿಖಾನೆಗಳಲ್ಲಿ ದೊರೆಯುವ ಗ್ರಂಥಿಗಳನ್ನೇ ನಂಬಿ ಕೋಟ್ಯಂತರ ರೋಗಿಗಳನ್ನು ಸಲಹುವುದು ಹೇಗೆ? ಇನ್ನೊಂದು ತೊಡಕೂ ಇತ್ತು. ಇನ್ಸುಲಿನ್ ಒಂದು ಪ್ರೋಟೀನು, ಅಂದರೆ ಸಸಾರಜನಕ. ಹೂಗಳನ್ನು ಪೋಣಿಸಿದ ಮಾಲೆಯಂತೆ ಅಮೈನೋ ಆಮ್ಲಗಳು ಕ್ರಮವಾಗಿ ಜೋಡಣೆಗೊಂಡು ಪ್ರೋಟೀನು ಆಗುತ್ತದೆ. ಇನ್ಸುಲಿನ್ನಿನಲ್ಲಿ ಅಂತಹ 51 ಅಮೈನೋ ಆಮ್ಲಗಳಿವೆಯೆಂದೂ ಅವುಗಳ ಕ್ರಮ ಇಂಥದೆಂದೂ ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ 1955ರ ವೇಳೆಗೆ ತೋರಿಸಿಕೊಟ್ಟರು. ಹಂದಿಯ ಇನ್ಸುಲಿನ್ ಮಾನವನದಕ್ಕಿಂತ ಒಂದು ಅಮೈನೋ ಆಮ್ಲದಲ್ಲಿಯೂ, ದನದ್ದು ಮೂರರಲ್ಲಿಯೂ ಭಿನ್ನವಾಗಿವೆ. ಈ ವ್ಯತ್ಯಾಸದಿಂದಾಗಿಯೂ ಔಷಧದಲ್ಲಿ ಉಳಿದ ಕಶ್ಮಲಗಳಿಂದಾಗಿಯೂ ಕೆಲವು ರೋಗಿಗಳ ದೇಹವು ಅದನ್ನು ಪರಕೀಯವೆಂದು ಪ್ರತಿರೋಧಿಸುತ್ತಿತ್ತು.

ಮಾನವನ ಇನ್ಸುಲಿನ್ನನ್ನೇ ತಯಾರಿಸಬೇಕಾದರೆ ಅದರ ವಿಧಿಯನ್ನು ಬಲ್ಲ ಜೀವಕೋಶ ಬೇಕು. ಪ್ರತಿಯೊಂದು ಪ್ರೋಟೀನಿನ ರಚನಾವಿಧಿಯೂ ಜೀವಕೋಶದ ಡಿ.ಎನ್.ಎ.ಯಲ್ಲಿ ಅಡಗಿದೆ. ಆ ವಿಧಿಯ ಒಂದೊಂದು ಭಾಗವನ್ನು ವಂಶವಾಹಿ ಎನ್ನುತ್ತಾರೆ. ಮಾನವನ ಇನ್ಸುಲಿನ್ನಿಗೆ ಸಂಬಂಧಿಸಿದ ವಂಶವಾಹಿಯನ್ನು ಸೂಕ್ಷ್ಮಜೀವಿಯೊಂದರಲ್ಲಿ ಸೇರಿಸಿದರೆ ಆ ಜೀವಿಯು ವಿಧಿಯನ್ನು ಅನುಸರಿಸಿ ಅದೇ ಪ್ರೋಟೀನನ್ನು ತಯಾರಿಸಬಲ್ಲುದು. 1978ರಲ್ಲಿ ಅಮೆರಿಕದ ವಿಜ್ಞಾನಿಗಳು ಬ್ಯಾಕ್ಟೀರಿಯಾ ಒಂದರಿಂದ ಈ ಕೆಲಸವನ್ನು ಮಾಡಿಸಿದರು. 1982ರಲ್ಲಿ ಆ ಇನ್ಸುಲಿನ್ ಔಷಧವಾಗಿ ಮನ್ನಣೆ ಪಡೆಯಿತು. ಜೈವಿಕ ತಂತ್ರಜ್ಞಾನವು ವೈದ್ಯಶಾಸ್ತ್ರಕ್ಕೆ ನೀಡಿದ ಮೊದಲ ದೊಡ್ಡ ಕೊಡುಗೆ ಇದು.

ಅದೇ 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಕಿರಣ್ ಮಜುಂದಾರ್ ಎಂಬ ತರುಣಿಯು ಐರ್ಲೆಂಡಿನ ಸಂಸ್ಥೆಯೊಂದರ ಸಹಭಾಗಿತ್ವದಲ್ಲಿ ಬಯೋಕಾನ್ ಎಂಬ ಉದ್ಯಮವನ್ನು ಆರಂಭಿಸಿದರು. ಮೂಲಧನ ಹತ್ತು ಸಾವಿರ ರೂಪಾಯಿ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆಯ ಹುದುಗುವಿಕೆಯ ಶಾಸ್ತ್ರವನ್ನು ಕಲಿತು ಬಂದಿದ್ದ ಅವರಿಗೆ, ಮಹಿಳೆಯೆಂಬ ಕಾರಣದಿಂದ ಆ ಕ್ಷೇತ್ರದಲ್ಲಿ ಉದ್ಯೋಗ ದೊರೆತಿರಲಿಲ್ಲ. ಸಾಲ ನೀಡಲು ಬ್ಯಾಂಕುಗಳು ಹಿಂಜರಿದವು. ಅವರ ಕೈಕೆಳಗೆ ದುಡಿಯಲು ಕೆಲವರು ಒಪ್ಪಲಿಲ್ಲ. ಆದರೂ ಅವರು ಎದೆಗುಂದಲಿಲ್ಲ. ಪರಂಗಿ ಹಣ್ಣಿನ ಹಾಲಿನಿಂದ ಪಪೈನ್ ಎಂಬ ಕಿಣ್ವವನ್ನೂ ಮೀನಿನ ಗಾಳಿಚೀಲದಿಂದ ಪಾನೀಯಗಳನ್ನು ತಿಳಿಗೊಳಿಸುವ ವಸ್ತುವನ್ನೂ ಸಿದ್ಧಪಡಿಸುವುದು ಸಂಸ್ಥೆಯ ಮೊದಲ ಕಾರ್ಯವಾಗಿತ್ತು. ಈ ಎರಡೂ ವಸ್ತುಗಳು ಪ್ರೋಟೀನುಗಳೇ. ಹೀಗೆ ಪ್ರೋಟೀನನ್ನು ಬೇರ್ಪಡಿಸಿ ಶುದ್ಧಗೊಳಿಸುವ ಕೌಶಲವು ಆರಂಭದಿಂದಲೇ ರೂಢಿಯಾಯಿತು.

ಕಾಲಾನಂತರ ಸಂಸ್ಥೆಯು ಇನ್ಸುಲಿನ್ ತಯಾರಿಕೆಗೆ ಕೈಹಾಕಿತು. ಅದಕ್ಕಾಗಿ ಆರಿಸಿಕೊಂಡದ್ದು ಬ್ಯಾಕ್ಟೀರಿಯಾವನ್ನಲ್ಲ. ಪಿಚಿಯಾ ಪಾಸ್ಟೋರಿಸ್ ಎಂಬ ಯೀಸ್ಟನ್ನು. ದೊಡ್ಡ ಉಕ್ಕಿನ ತೊಟ್ಟಿಗಳಲ್ಲಿ ಪೋಷಕ ದ್ರವವನ್ನು ತುಂಬಿ, ವಂಶವಾಹಿ ಸೇರಿಸಿದ ಯೀಸ್ಟನ್ನು ಬೆಳೆಸುತ್ತಾರೆ. ಉಷ್ಣತೆ, ಗಾಳಿ, ಆಮ್ಲೀಯತೆ ಇವುಗಳನ್ನು ಎಡೆಬಿಡದೆ ಪರೀಕ್ಷಿಸುತ್ತಾರೆ. ಯೀಸ್ಟ್ ಸಮೃದ್ಧವಾಗಿ ಬೆಳೆದ ಮೇಲೆ ಮೆಥನಾಲನ್ನು ಉಣಿಸುತ್ತಾರೆ. ಮೆಥನಾಲ್ ದೊರೆತೊಡನೆ ವಂಶವಾಹಿಯು ಎಚ್ಚೆತ್ತು, ಇನ್ಸುಲಿನ್ನಿನ ಪೂರ್ವರೂಪವು ತಯಾರಾಗತೊಡಗುತ್ತದೆ. ಯೀಸ್ಟ್ ಅದನ್ನು ತನ್ನ ಒಡಲಿನಿಂದ ಹೊರಕ್ಕೆ, ಸುತ್ತಲಿನ ದ್ರವಕ್ಕೆ ಸ್ರವಿಸುವುದರಿಂದ ಅದನ್ನು ಬೇರ್ಪಡಿಸುವ ಕೆಲಸ ಹಗುರವಾಗುತ್ತದೆ. ಅನಂತರ ಕಿಣ್ವದ ಸಹಾಯದಿಂದ ಅದಕ್ಕೆ ನಿಜರೂಪವನ್ನು ಕೊಟ್ಟು, ಮೆಥನಾಲನ್ನೂ ಇತರ ಕಶ್ಮಲಗಳನ್ನೂ ಹಂತಹಂತವಾಗಿ ತೆಗೆದುಹಾಕುತ್ತಾರೆ. ಇಡ್ಲಿಯ ಹಿಟ್ಟನ್ನು ಹುದುಗಿಸುವ ಗೃಹಿಣಿಯೂ ಸೂಕ್ಷ್ಮಜೀವಿಗಳಿಂದಲೇ ಕೆಲಸ ಮಾಡಿಸುತ್ತಾಳೆ. ಆದರೆ ಅಲ್ಲಿ ಹಿಟ್ಟು ಕೆಟ್ಟರೆ ಒಂದು ಹೊತ್ತಿನ ತಿಂಡಿ ಹೋದೀತು. ಇಲ್ಲಿ ತಪ್ಪಿದರೆ ರೋಗಿಯ ಪ್ರಾಣಕ್ಕೇ ಸಂಚಕಾರ.

2004ರಲ್ಲಿ ಈ ಇನ್ಸುಲಿನ್ ಮಾರುಕಟ್ಟೆಗೆ ಬಂದಿತು. ಪಿಚಿಯಾ ಯೀಸ್ಟಿನಿಂದ ತಯಾರಾದ ಮಾನವ ಇನ್ಸುಲಿನ್ ಜಗತ್ತಿನಲ್ಲಿಯೇ ಇದು ಮೊದಲನೆಯದು. ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ದಿನವೊಂದಕ್ಕೆ ಹತ್ತು ಸೆಂಟಿಗಿಂತಲೂ ಕಡಿಮೆ ಬೆಲೆಯಲ್ಲಿ ಮಾನವ ಇನ್ಸುಲಿನ್ ಒದಗಿಸುವುದಾಗಿ ಸಂಸ್ಥೆಯು 2019ರಲ್ಲಿ ಪ್ರಕಟಿಸಿತು. ಇಂದು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನು, ಬೆಳವಣಿಗೆಯ ಹಾರ್ಮೋನು, ಕೆಲವು ಬಗೆಯ ಕ್ಯಾನ್ಸರಿಗೆ ನೀಡುವ ಪ್ರತಿಕಾಯಗಳು, ಇವೆಲ್ಲವನ್ನೂ ಜೀವಕೋಶಗಳಿಂದಲೇ ತಯಾರಿಸುತ್ತಾರೆ.

ಔಷಧವು ತಯಾರಾದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಇನ್ಸುಲಿನ್ನನ್ನು ನುಂಗಿದರೆ ಉಂಡ ಬೇಳೆ, ಮೀನುಗಳಂತೆಯೇ ಅದೂ ಜೀರ್ಣವಾಗಿಬಿಡುತ್ತದೆ. ಆದುದರಿಂದಲೇ ಅದನ್ನು ಚುಚ್ಚಿಕೊಳ್ಳಬೇಕು. ಅದು ಶಾಖವನ್ನು ಸಹಿಸದು, ಹೆಪ್ಪುಗಟ್ಟಿದರೂ ಕೆಡುತ್ತದೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಬೆಂಗಳೂರಿನಿಂದ ಹೊರಟ ಪೆಟ್ಟಿಗೆಯು ಘಟ್ಟವನ್ನಿಳಿದು, ಸುಮಾರು 500 ಕಿಲೋಮೀಟರ್ ದೂರದ ಕಾರವಾರವನ್ನು ತಲುಪಿ, ಆ ತಾಲ್ಲೂಕಿನ ಹಣಕೋಣದಂತಹ ಗ್ರಾಮವನ್ನು ಸೇರುವವರೆಗೂ ತಂಪು ತಪ್ಪಕೂಡದು. ಕರಾವಳಿಯ ಬಿರುಮಳೆಗೆ ಮರ ಉರುಳಿ ವಿದ್ಯುತ್ತು ನಿಂತರೆ ಶೀತಕಪೆಟ್ಟಿಗೆಯೂ ನಿಷ್ಪ್ರಯೋಜಕ. ಶೀತಕವಿಲ್ಲದ ಮನೆಗಳಲ್ಲಿ ಒಂದರೊಳಗೊಂದು ಮಣ್ಣಿನ ಮಡಕೆಯನ್ನಿರಿಸಿ, ನಡುವೆ ಒದ್ದೆ ಮರಳನ್ನು ತುಂಬಿ ಔಷಧವನ್ನು ಕಾಪಾಡುವ ಕ್ರಮವೂ ಉಂಟು. ನೀರು ಆವಿಯಾಗುವಾಗ ಶಾಖವನ್ನು ಹೀರುವುದರಿಂದ ಒಳಗೆ ತಂಪಾಗಿರುತ್ತದೆ. ಆದರೆ ಗಾಳಿಯಲ್ಲಿ ತೇವ ಹೆಚ್ಚಿರುವ ಕಡಲ ತೀರದಲ್ಲಿ ಈ ಉಪಾಯದ ಫಲ ಕಡಿಮೆ.

ಇನ್ಸುಲಿನ್ ಮಧುಮೇಹವನ್ನು ನಿರ್ಮೂಲಗೊಳಿಸುವುದಿಲ್ಲ. ಬಾಳಿನ ಒಂದೊಂದು ದಿನವನ್ನೂ ಉಳಿಸಿಕೊಡುತ್ತದೆ. ಅದು ಒಂದು ದಿನ ದೊರೆತು ಮರುದಿನ ದೊರೆಯದಿದ್ದರೆ ಪ್ರಯೋಜನವಿಲ್ಲ. ಟೊರಾಂಟೊದ ಸಂಶೋಧಕರು ತಮ್ಮ ಹಕ್ಕನ್ನು ಒಂದು ಡಾಲರಿಗೆ ಬಿಟ್ಟುಕೊಟ್ಟು ನೂರು ವರ್ಷಗಳು ಕಳೆದಿವೆ. ಆದರೂ ಬೆಲೆ ತೆರಲಾರದೆ, ಔಷಧ ತಲುಪದೆ ಕಷ್ಟಪಡುವವರು ಜಗತ್ತಿನ ಎಲ್ಲೆಡೆಯೂ ಇದ್ದಾರೆ. ಪ್ರಯೋಗಶಾಲೆಯಲ್ಲಿ ಪಡೆದ ಗೆಲುವು ಕಟ್ಟಕಡೆಯ ಮನೆಯ ರೋಗಿಯನ್ನು ಮುಟ್ಟಿದಾಗಲೇ ವಿಜ್ಞಾನದ ಸಾಧನೆ ಪೂರ್ಣವಾಗುತ್ತದೆ.

ಪ್ರಶ್ನೆಗಳು

1. ಪ್ರಾಣಿಗಳ ಗ್ರಂಥಿಗಳಿಂದ ಇನ್ಸುಲಿನ್ ಪಡೆಯುವುದರಲ್ಲಿದ್ದ ತೊಡಕುಗಳಾವುವು?
2. ಯೀಸ್ಟಿನಿಂದ ಇನ್ಸುಲಿನ್ ತಯಾರಿಸುವ ಕ್ರಮವನ್ನು ವಿವರಿಸಿರಿ.
3. ಇನ್ಸುಲಿನ್ನನ್ನು ನುಂಗುವುದರಿಂದ ಫಲವಿಲ್ಲ, ಏಕೆ?
4. ಔಷಧವನ್ನು ಕಂಡುಹಿಡಿಯುವುದಷ್ಟೇ ಸಾಲದು ಎಂಬ ಮಾತನ್ನು ಪಾಠದ ಆಧಾರದಿಂದ ಸಮರ್ಥಿಸಿರಿ.